ಎರಡನೆಯ ಸಲ ಹೇಳಿದ ಹೆಸರು

ಆ ದಿನ ಗಂಜಿ ತೆಳ್ಳಗಾಗಿತ್ತು. ಕಲ್ಲೇಶಪ್ಪ ಬೇಲಿಯ ಎಕ್ಕದ ಗಿಡದಿಂದ ಒಂದು ಎಲೆ ಕಿತ್ತು ತಂದ. ಮಡಕೆಯ ಗಂಜಿ ಒಂದು ಹನಿ ಎಲೆಯ ಮೇಲೆ ಬಿಟ್ಟು ಓರೆ ಮಾಡಿದ. ಹನಿ ಅಂಚಿಗೆ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ನೆಲಕ್ಕೆ ಬಿತ್ತು.

"ಇದನ್ನ ಕಂಬಳಿಗೆ ಹಚ್ಚಾಕೆ ಮಾಡೀಯೋ, ಕುಡಿಯಾಕೆ ಮಾಡೀಯೋ?" ಅಂದ.

"ಕುಡುದು ನೋಡ್ರಿ, ಗೊತ್ತಾಗ್ತೈತೆ," ಅಂದಳು ಹೆಂಡತಿ ಹುಲಿಗೆಮ್ಮ.

ಅವನು ನಕ್ಕು ಮಡಕೆಯನ್ನು ಮತ್ತೆ ಒಲೆಗೆ ಏರಿಸಿದ.

ಹುಣಸೆಬೀಜ ಹುರಿದು, ನೆನೆಹಾಕಿ, ರುಬ್ಬಿ ಕುದಿಸಿದ ಗಂಜಿ ಅದು. ಕರಿ ಉಣ್ಣೆಯ ನೂಲಿಗೆ ಅದನ್ನು ಹದವಾಗಿ ಹಚ್ಚಿದರೆ ಕಂಬಳಿ ಬಿಗಿಯಾಗುತ್ತದೆ, ಮಳೆಯ ನೀರು ಒಳಗೆ ಇಳಿಯುವುದಿಲ್ಲ. ಜಗಳೂರಿನ ಅಂಚಿನ ಆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಗಂಜಿ ಕಾಯುತ್ತಿತ್ತು. ಕಲ್ಲೇಶಪ್ಪನ ಹದ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಹೊಗಳಿದರೆ ಕೈ ಅಲ್ಲಾಡಿಸುತ್ತಿದ್ದ.

"ಎಲೆ ಮ್ಯಾಲೆ ಹನಿ ಬಿಡೋದು ನಂದಲ್ಲಪ್ಪ. ಸಂತೇಬೆನ್ನೂರಿನ ಮೂಕಪ್ಪಂದು. ಆ ಪುಣ್ಯಾತ್ಮ ಕಲಿಸಿದ."

ಮೂಕಪ್ಪ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಕಲ್ಲೇಶಪ್ಪ ಅವನ ಹೆಸರು ಹೇಳದೆ ಬಿಡುತ್ತಿರಲಿಲ್ಲ.

ಗಂಜಿ ತೆಳ್ಳಗಾದ ಮರುದಿನ ಕಲ್ಲೇಶಪ್ಪ ಕಂಬಳಿ ಗಂಟು ಹೊತ್ತು ಸಂತೇಬೆನ್ನೂರಿನ ಸಂತೆಗೆ ಹೋದವನು, ಗಂಟಿಗೆ ಒರಗಿ ಕೂತಲ್ಲೇ ಹೋಗಿಬಿಟ್ಟ. ಎಪ್ಪತ್ತೆಂಟನೇ ಇಸವಿ. ಹೋಗುವಾಗ ಬಸ್ಸು. ಬರುವಾಗ ಲಾರಿ.

ಮಕ್ಕಳಿರಲಿಲ್ಲ. ಮಗ್ಗಕ್ಕೆ ಮೈದುನ ಹನುಮಣ್ಣ ಕೂತ. ಗಂಜಿ ಹುಲಿಗೆಮ್ಮನ ಪಾಲಿಗೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಜನ "ಹುಲಿಗೆಮ್ಮನ ಗಂಜಿ" ಅನ್ನತೊಡಗಿದರು. ಹೊಗಳಿಕೆಯೇ ಅದು. ಆಕೆಗೆ ಮುಳ್ಳು ಚುಚ್ಚಿದಂತೆ ಆಗುತ್ತಿತ್ತು. "ನಂದಲ್ಲ, ಅವರದು," ಅನ್ನುತ್ತಿದ್ದಳು. ಅವರು ಅಂದರೆ ಯಾರೆಂದು ಹೊಸಬರಿಗೆ ಏನು ಗೊತ್ತು? ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಗಂಡನ ಹೆಸರು ಕಟ್ಟಿ ಹೇಳುವ ಒಡಪಿನೊಳಗೆ ಒಂದು ಸಲ ಹೇಳಿದ್ದೇ ಹೇಳಿದ್ದು. ಹೇಳುವವರಿಲ್ಲದೆ ಆ ಹೆಸರು ಅಳಿಸಿಹೋಗುತ್ತಿತ್ತು. ಅದು ಆಕೆಯ ಕಣ್ಣಿಗೆ ಕಾಣುತ್ತಲೇ ಇತ್ತು.

ಆಗ ಬಂದವಳು ಅನ್ನಪೂರ್ಣ. ನ್ಯಾಮತಿ ಕಡೆಯ ಗೋವಿನಕೋವಿಯವಳು, ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಳು. ರಜೆಗೆ ಊರಿಗೆ ಬಂದಿದ್ದಳು.

"ನಮ್ಮಜ್ಜಿ ಹೊದ್ಕಣ ಕಂಬಳಿ ಈ ಬೀದೀದಂತಮ್ಮಾ. ಅದು ಯಾಕೆ ನೀರು ಹಿಡಿಯಂಗಿಲ್ಲ ಅಂತ ತಿಳ್ಕಂಡು ಪ್ರಬಂಧ ಬರಿಯಾಕೆ ಬಂದೀನಿ."

ದಿನವೆಲ್ಲ ಕೂತು ಕೇಳಿದಳು, ಬರೆದಳು. ಕೊನೆಗೆ, "ಇದಕ್ಕೆಲ್ಲ ಆಕರ ಏನಮ್ಮಾ?" ಅಂದಳು.

"ಆಹಾರಾನಾ? ರೊಟ್ಟಿ, ಶೇಂಗಾ ಚಟ್ನಿ ಐತೆ. ಏಳು, ಕೈ ತೊಳ್ಕ."

ಹುಡುಗಿ ನಗುತ್ತಲೇ ರೊಟ್ಟಿ ಮುರಿದಳು. "ಆಹಾರ ಅಲ್ಲಮ್ಮಾ, ಆಕರ. ಈ ಮಾತು ಎಲ್ಲಿಂದ ಬಂತು, ಯಾರು ಹೇಳಿದ್ರು ಅಂತ. ಹೆಸರು, ಊರು ಬರಿಬೇಕು. ಇಲ್ಲಾಂದ್ರೆ ನಮ್ಮ ಮೇಷ್ಟ್ರು ಹಾಳೆ ಮುಖಕ್ಕೆ ಎಸೀತಾರೆ. ನಿಮ್ಮ ಹೆಸರು ಹಾಕ್ತೀನಿ."

ಹುಲಿಗೆಮ್ಮನಿಗೆ ಮೂಕಪ್ಪನ ಹೆಸರು ನೆನಪಾಯಿತು. ಗಂಡ ಬದುಕಿರುವ ತನಕ ಮಾಡಿದ್ದು ಇದನ್ನೇ ಅಲ್ಲವೇ?

"ನಂದು ಬ್ಯಾಡ. ನಮ್ಮನೆಯವರದು ಹಾಕು. ಕಲಿಸಿದ್ದು ಅವರು."

"ಅವರ ಹೆಸರು ಹೇಳ್ರಿ."

ಬೇರೆಯವರ ಬಾಯಿಂದ ಹೇಳಿಸೋಣವೆಂದರೆ ಅಕ್ಕಪಕ್ಕದವರು ಶೇಂಗಾ ಕೀಳಲು ಹೋಗಿದ್ದರು, ಹನುಮಣ್ಣ ನೂಲು ತರಲು ಹೋಗಿದ್ದ. ಬಸ್ಸಿಗೆ ಹೊತ್ತಾಗಿತ್ತು. ಹುಲಿಗೆಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಒರಳಿನಲ್ಲಿದ್ದ ಗುಂಡುಕಲ್ಲನ್ನು ತಟ್ಟಿದಳು.

"ಇದು ಮುಂದೆ. ಅಪ್ಪ ಹಿಂದೆ."

"ಗೊತ್ತಾತು ಬಿಡ್ರಿ!" ಅಂತ ಹುಡುಗಿ ಗೀಚಿಕೊಂಡಳು. "ಟೈಪಿಗೆ ಕೊಡಾಕೆ ಮುಂಚೆ ಬಂದು ಓದಿ ಹೇಳ್ತೀನಿ." ಹೇಳುತ್ತಲೇ ಬಸ್ಸಿಗೆ ಓಡಿದಳು.

ಹುಲಿಗೆಮ್ಮನಿಗೆ ಓದು ಬಾರದು. ಸರಿಯಾಗಿಯೇ ಬರೆದುಕೊಂಡಿದ್ದಾಳೆ ಅಂತ ನೆಮ್ಮದಿಯಾಗಿದ್ದಳು.

ಮುಂದಿನ ರಜೆಯಲ್ಲಿ ಹುಡುಗಿ ಮಾತು ತಪ್ಪದೆ ಬಂದಳು. ಆಕರದ ಕತೆ ಆಗಲೇ ಕೇಳಿದ್ದ ಪಕ್ಕದ ಮನೆಯ ಬೊಮ್ಮಕ್ಕ ಕರೆಯದೆಯೇ ಬಂದು ಕಟ್ಟೆಯ ಮೇಲೆ ಕೂತಳು.

"ಏನವ್ವ ಮೈಸೂರಮ್ಮ, ನನ್ನನ್ನೂ ಒಂದು ಬರ್ಕ. ಜಗಳೂರಿನ ಜಗಳಕ್ಕೆಲ್ಲ ನಾನೇ ಆಕರ."

ಅನ್ನಪೂರ್ಣ ಓದುತ್ತ ಹೋದಳು. ಬೀಜ ಹುರಿಯುವುದು, ನೆನೆಹಾಕುವುದು, ಎಕ್ಕದ ಎಲೆ, ಹನಿ. ಎಲ್ಲ ಸರಿ. ಹುಲಿಗೆಮ್ಮ ತಲೆಯಾಡಿಸುತ್ತಿದ್ದಳು. ಕೊನೆಯ ಹಾಳೆ ಬಂತು.

"ಮಾಹಿತಿ ನೀಡಿದವರು ಹುಲಿಗೆಮ್ಮ, ಜಗಳೂರು. ಇವರಿಗೆ ಕಲಿಸಿದವರು ದಿವಂಗತ ಗುಂಡಪ್ಪ, ಕಂಬಳಿ ನೇಕಾರರು."

"ಯಾರದು?" ಅಂದಳು ಹುಲಿಗೆಮ್ಮ.

"ಗುಂಡಪ್ಪನೋರು. ನಿಮ್ಮ ಯಜಮಾನ್ರು. ನೀವೇ ಗುಂಡುಕಲ್ಲು ತೋರಿಸಿದ್ರಲ್ಲ?"

ಬೊಮ್ಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಹುಲಿಗೆವ್ವಾ! ಈ ಗುಂಡಪ್ಪ ಯಾವನೇ? ನಂಗೆ ಊಟಾನೂ ಹಾಕದೆ ಇನ್ನೊಂದು ಮದುವೆ ಆಗಿದ್ಯಾ?"

ಹುಲಿಗೆಮ್ಮ ನಗಲಿಲ್ಲ. ಗಂಡನ ಜಾಗದಲ್ಲಿ ಹುಟ್ಟಿಯೇ ಇಲ್ಲದ ಒಬ್ಬ ಬಂದು ಕೂತಿದ್ದ. ಬರೆದದ್ದು ಹಾಗೆಯೇ ಉಳಿದುಬಿಡುತ್ತದೆ. ಬೊಮ್ಮಕ್ಕ ಸರಿಪಡಿಸಲು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮನ ಬಾಯಿ ತೆರೆದಿತ್ತು.

"ಗುಂಡಪ್ಪ ಅಲ್ಲ ಕಣವ್ವ! ಕಲ್ಲೇಶಪ್ಪ! ನಮ್ಮನೆಯವರು ಕಲ್ಲೇಶಪ್ಪ!"

ಒಳಗೆ ಮಗ್ಗದ ಸದ್ದು ನಿಂತಿತು. ಬೊಮ್ಮಕ್ಕನ ನಗುವೂ ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಲಿಗೆಮ್ಮನಿಗೆ ನಾಚಿಕೆಯಾಗಲಿಲ್ಲ, ಎದೆ ಹಗುರಾಯಿತು.

ಹುಡುಗಿ ತಪ್ಪು ಹೆಸರನ್ನು ಹೊಡೆದುಹಾಕಿದಳು. "ತಪ್ಪಾತಮ್ಮಾ."

"ನಿಂದೇನು ತಪ್ಪು? ಎರಡು ಬಸ್ ಬದಲಾಯಿಸಿ ಓದಿ ಹೇಳಾಕೆ ಯಾರು ಬರ್ತಾರೆ? ನೀನು ಬರದಿದ್ರೆ ಅವರು ಗುಂಡಪ್ಪ ಆಗೇ ಇರ್ತಿದ್ರು. ಇನ್ನೊಂದು ಐತೆ, ಬರ್ಕ. ಎಲೆ ಮ್ಯಾಲೆ ಹನಿ ಬಿಡೋದನ್ನ ಅವರಿಗೆ ಕಲಿಸಿದ್ದು ಸಂತೇಬೆನ್ನೂರಿನ ಮೂಕಪ್ಪ. ಅದನ್ನ ಹಾಕದಿದ್ರೆ ಅವರು ನನ್ನ ಬೈತಾರೆ."

"ಮೂಕಪ್ಪನಿಗೆ ಕಲಿಸಿದ್ದು ಯಾರಮ್ಮಾ?"

"ನಂಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬರಿ."

ಹುಡುಗಿ ಹಾಗೆಯೇ ಬರೆದಳು. ಹೋಗುವಾಗ ಹುಲಿಗೆಮ್ಮ ಅವಳ ಚೀಲಕ್ಕೆ ಹುರಿದ ಶೇಂಗಾ ತುಂಬಿದಳು.

ಕೆಲವು ತಿಂಗಳ ಮೇಲೆ ಟೈಪಾದ ಆ ಹಾಳೆ ಅಂಚೆಯಲ್ಲಿ ಬಂತು. ಹನುಮಣ್ಣ ಗಟ್ಟಿಯಾಗಿ ಓದಿದ. ಹೆಸರುಗಳೆಲ್ಲ ಸರಿಯಿದ್ದವು. ಅಣ್ಣನ ಹೆಸರು ಬಂದಲ್ಲಿ ತಾನಾಗಿಯೇ ಎರಡು ಸಲ ಓದಿದ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ ಅಂತ ಹುಲಿಗೆಮ್ಮ ಇವತ್ತಿಗೂ ಅನ್ನುತ್ತಾಳೆ.

ಆ ಹೆಸರನ್ನು ಆಕೆ ಮತ್ತೆ ಬಾಯಲ್ಲಿ ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಬೇಲಿಯ ಎಕ್ಕದಿಂದ ಒಂದು ಎಲೆ ಕೀಳುತ್ತಾಳೆ. ಗಂಜಿಯ ಹನಿ ಬಿಟ್ಟು ಓರೆ ಮಾಡುತ್ತಾಳೆ. ಹನಿ ಅಂಚಿಗೆ ಬಂದು ನಿಲ್ಲುವ ತನಕ ಮಡಕೆ ಇಳಿಸುವುದಿಲ್ಲ.