ಬೀಗರ ಮನೆಯ ದಪ್ಪ ಬೆಕ್ಕು, ಮಲ್ಪೆಯ ದ್ವೀಪ

ಮೊನ್ನೆ ಯಾರೋ ಮಲ್ಪೆಯ ದ್ವೀಪದಲ್ಲಿ ತೆಗೆಸಿಕೊಂಡ ಫೋಟೊ ಹಾಕಿದ್ದರು. ಕಿತ್ತಳೆ ಬಣ್ಣದ ಜಾಕೆಟ್ಟು, ಕಪ್ಪು ಕನ್ನಡಕ, ಕಂಬಗಳ ಹಾಗೆ ನಿಂತ ಕಲ್ಲುಗಳ ಮುಂದೆ ಎರಡು ಬೆರಳೆತ್ತಿ ನಗು. ಕೆಳಗೆ ‘ಸ್ವರ್ಗ’ ಅಂತ ಬರೆದಿದ್ದರು. ಇರಬಹುದು. ಅರವತ್ತರ ದಶಕದಲ್ಲಿ ನಾನು ಅಲ್ಲಿಗೆ ಹೋದಾಗ ನಮ್ಮ ಅಜ್ಜಿಯ ಪಾಲಿಗೆ ಅದು ಪೊಲೀಸ್ ಠಾಣೆಯಾಗಿತ್ತು. ಅವಳೇ ಇನ್ಸ್‌ಪೆಕ್ಟರು. ಆರೋಪಿ, ನನ್ನ ಅತ್ತೆಗೆ ನೋಡಿದ್ದ ಗಂಡು. ಆರೋಪ ಏನೆಂದರೆ, ಅವನು ಕದ್ದು ಮೀನು ತಿನ್ನುತ್ತಾನೆ.

ನಮ್ಮದು ಹುಂಚದ ಹತ್ತಿರದ ಜೈನರ ಮನೆ. ಅತ್ತೆ ಎಂದರೆ ಅಪ್ಪನ ತಂಗಿ. ಅವಳಿಗೆ ಬಂದ ಸಂಬಂಧಗಳನ್ನೆಲ್ಲ ಅಜ್ಜಿ ಒಂದೊಂದು ಅನುಮಾನದಲ್ಲಿ ಓಡಿಸಿದ್ದಳು. ಸಾಗರದ ಗಂಡು ದೀಪ ಹಚ್ಚಿದ ಮೇಲೆ ಉಣ್ಣುತ್ತಾನೆ ಅಂತ ಯಾರೋ ಹೇಳಿದರು, ಹೋಯಿತು. ಆನಂದಪುರದವರ ಮನೆಯ ಹಿತ್ತಿಲಲ್ಲಿ ಈರುಳ್ಳಿ ಸಿಪ್ಪೆ ಕಂಡಿತು, ಅದೂ ಹೋಯಿತು. ಸಿಪ್ಪೆ ಗಾಳಿಗೆ ಪಕ್ಕದ ಮನೆಯಿಂದ ಹಾರಿ ಬಂದಿರಬಹುದು ಅಂತ ಅಪ್ಪ ವಾದಿಸಿದರೆ, “ಗಾಳಿಗೆ ನಮ್ಮನೆ ಹಿತ್ಲು ಯಾಕೆ ಕಾಣಲ್ಲ?” ಅಂದಳು.

ಮಲ್ಪೆಯ ಕಡೆಯ ಈ ಗಂಡನ್ನು ಮಾತ್ರ ಅತ್ತೆಯೇ ಮೊದಲು ನೋಡಿದ್ದು. ಹುಂಚದ ಮಠದಲ್ಲಿ ಪೂಜೆಯ ದಿನ ಅವನು ಪಂಕ್ತಿಯಲ್ಲಿ ಬಡಿಸುತ್ತಿದ್ದನಂತೆ. ಬೇರೆ ಏನೂ ಆಗಿರಲಿಲ್ಲ. ಆದರೆ ಅವರ ಕಡೆಯಿಂದ ಜಾತಕ ಬಂದ ದಿನ ಅತ್ತೆ ಅಕ್ಕಿ ಆರಿಸುವಾಗ ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನು ಹೊರಗೆ ಎಸೆಯುತ್ತಿದ್ದಳು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗಂಡಿನ ಮನೆ ನೋಡಲು ಹೆಣ್ಣನ್ನು ಕರೆದುಕೊಂಡು ಹೋಗುವ ಕ್ರಮ ನಮ್ಮಲ್ಲಿಲ್ಲ. ಅದಕ್ಕೆ ಕಾರ್ಕಳದ ಬಾಹುಬಲಿ ದರ್ಶನ ಅಂತ ನೆಪ ಹೇಳಿ ಎಲ್ಲರೂ ಹೊರಟೆವು. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವಾಗ ಅಜ್ಜಿ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ನಾನು ಅತ್ತೆಯ ತೊಡೆಯ ಮೇಲೆ ಕೂತಿದ್ದೆ. ಅತ್ತೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಅಪ್ಪನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ಅಣ್ಣ, ಇದನ್ನೂ ಅಮ್ಮ ಮುರಿದ್ರೆ ಇನ್ನು ನಂಗೆ ಗಂಡು ನೋಡ್ಬೇಡ. ಮದುವೇನೂ ಬೇಡ, ಎಂತದೂ ಬೇಡ.”

ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಅಜ್ಜಿಯ ಕಣ್ಣು ಮುಚ್ಚಿತ್ತು. ಕಿವಿ ಮುಚ್ಚಿತ್ತೋ ಇಲ್ಲವೋ ಇವತ್ತಿಗೂ ನನಗೆ ಅನುಮಾನ.

ಬಾಹುಬಲಿಗೆ ಕೈಮುಗಿದು ಸಂಜೆ ಗಂಡಿನ ಮನೆ ಸೇರಿದೆವು. ಗಂಡು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ತಾಯಿ, ಮಗ ಇಬ್ಬರೇ. ಮನೆ ಚೊಕ್ಕಟವಾಗಿತ್ತು. ಅಷ್ಟು ಚೊಕ್ಕಟವಾಗಿದ್ದೇ ಅಜ್ಜಿಗೆ ಮೊದಲ ಅನುಮಾನ. “ನಾವು ಬರ್ತೀವಿ ಅಂತ ತೊಳ್ದಿದಾರೆ. ಏನನ್ನು ತೊಳ್ದಿದಾರೆ ಅಂತ ನೋಡ್ಬೇಕಲ್ಲ?” ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬಂದಳು. ಪಾತ್ರೆಗಳನ್ನು ಮೂಸಿದ್ದಾಳೆ ಅಂತ ಅವಳ ಮೂಗಿನ ಮೇಲಿನ ಮಸಿಯಿಂದ ಗೊತ್ತಾಯಿತು.

ಆಗ ಜಗಲಿಗೆ ಬಂತು, ಒಂದು ಬೆಕ್ಕು. ಬೂದಿ ಬಣ್ಣದ್ದು. ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪ. ಅಜ್ಜಿ ಅದನ್ನೂ ಗಂಡಿನ ತಾಯಿಯನ್ನೂ ಸರದಿಯ ಮೇಲೆ ನೋಡಿದಳು.

“ಬೆಕ್ಕು ಸಾಕಿದೀರಾ?”

“ಸಾಕಿದ್ದಲ್ಲ ಅಮ್ಮ. ಅದೇ ಬಂದದ್ದು. ಹಾಲನ್ನ ಹಾಕ್ತೇವೆ, ಇರ್ತದೆ.”

“ಬರೀ ಹಾಲನ್ನಕ್ಕೆ ಇಷ್ಟು ದಪ್ಪ ಆಗ್ತದಾ?”

ಗಂಡಿನ ತಾಯಿ ನಕ್ಕರು. ಹೊಗಳಿಕೆ ಅಂದುಕೊಂಡರೋ ಏನೋ, “ಕಣ್ಣು ಹಾಕ್ಬೇಡಿ ಮಾರಾಯ್ರೆ” ಅಂದರು. ಅಷ್ಟರಲ್ಲಿ ಪಕ್ಕದ ತೋಟದಿಂದ ಗಾಳಿ ಬೀಸಿತು. ಆ ಕಡೆ ತೆಂಗಿನ ಬುಡಕ್ಕೆ ಮೀನಿನ ಗೊಬ್ಬರ ಹಾಕುತ್ತಾರೆ. ಆ ವಾಸನೆ ಗೊತ್ತಿದ್ದವರಿಗೆ ಅದು ಗೊಬ್ಬರ, ಅಜ್ಜಿಗೆ ಅದು ಸಾಕ್ಷಿ. ರಾತ್ರಿಯಿಡೀ ನಿಂಬೆಹಣ್ಣನ್ನು ಮೂಗಿನಿಂದ ಕೆಳಗಿಳಿಸಲಿಲ್ಲ.

ಮರುದಿನ ನಮ್ಮನ್ನು ದ್ವೀಪ ತೋರಿಸಲು ಕರೆದುಕೊಂಡು ಹೊರಟಿದ್ದು ಗಂಡೇ. ಆಗ ಟಿಕೇಟು, ಜಾಕೆಟ್ಟು ಯಾವುದೂ ಇರಲಿಲ್ಲ. ಹೆಂಚು ಸಾಗಿಸುವ ದೋಣಿಯವನೊಬ್ಬ ಅವನಿಗೆ ಪರಿಚಯ. ನೆಂಟರು ಬಂದರೆ ದ್ವೀಪಕ್ಕೆ ಬಿಟ್ಟು, ಕರೆದುಕೊಂಡು ಬರುತ್ತಿದ್ದ. ದೋಣಿಯವನು ಗಂಡಿನ ಹೆಗಲ ಮೇಲೆ ಕೈಹಾಕಿ ಮಾತಾಡಿದ್ದನ್ನು ಅಜ್ಜಿ ನೋಡಿದಳು. “ಮೀನು ಹಿಡಿಯೋರ ಸ್ನೇಹ” ಅಂತ ಅಪ್ಪನ ಪಕ್ಕೆಗೆ ತಿವಿದಳು.

ಅಜ್ಜಿಯ ಜೊತೆ ಗಂಡಿನ ಮನೆಯ ಬಾವಿಯ ಒಂದು ತಾಮ್ರದ ಕೊಡ ನೀರೂ ದೋಣಿ ಹತ್ತಿತು. ಜೊತೆಗೆ ಅವಳದೇ ಸೋಸುವ ಬಟ್ಟೆ.

ಈ ಸೋಸುವ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಸೋಸಿಟ್ಟ ನೀರನ್ನೂ ಸ್ವಲ್ಪ ಹೊತ್ತಾದರೆ ಮತ್ತೆ ಸೋಸಬೇಕು. ಬಟ್ಟೆಯಲ್ಲಿ ಉಳಿಯುವ, ಕಣ್ಣಿಗೆ ಕಾಣದ ಜೀವಗಳನ್ನು ಹಿಂಡಿ ಚೆಲ್ಲುವ ಹಾಗಿಲ್ಲ. ಬಟ್ಟೆಯನ್ನು ಮಗುಚಿ, ಮೇಲಿಂದ ಸೋಸಿದ ನೀರು ಬಿಟ್ಟು, ಅವನ್ನು ಒಂದು ಪಾತ್ರೆಗೆ ಇಳಿಸಿಕೊಂಡು, ಯಾವ ಬಾವಿಯ ನೀರೋ ಅದೇ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಅದಕ್ಕೆ ಪಾತ್ರೆಗೆ ಎರಡು ಹಗ್ಗ, ಒಂದು ಬಾಯಿಗೆ, ಒಂದು ತಳಕ್ಕೆ. ನೀರು ಮುಟ್ಟುವವರೆಗೆ ಒಬ್ಬರು ಇಳಿಸಬೇಕು, ಮುಟ್ಟಿದ ಮೇಲೆ ಇನ್ನೊಬ್ಬರು ತಳದ ಹಗ್ಗ ಎಳೆದು ಬಗ್ಗಿಸಬೇಕು. ನಮ್ಮ ಮನೆಯಲ್ಲಿ ಇಳಿಸುವವಳು ಅಜ್ಜಿ, ಬಗ್ಗಿಸುವವಳು ಅತ್ತೆ. ಇದರಲ್ಲಿ ಅಜ್ಜಿಯನ್ನು ಮೀರಿಸುವವರು ಸೀಮೆಯಲ್ಲಿಲ್ಲ ಅಂತ ಅಜ್ಜಿಯೇ ಹೇಳುತ್ತಿದ್ದಳು.

ದೋಣಿ ಅಲೆ ದಾಟಿದ ಮೇಲೆ ಗಂಡಿಗೆ ಮಾತು ಬಂತು. ನೀರು ಒಂದು ಕಡೆ ಕಪ್ಪಾಗಿ, ಮೇಲೆ ಹಕ್ಕಿಗಳು ಮುಗಿಬಿದ್ದಿದ್ದವು. “ಅದು ಬಂಗುಡೆ ಮೀನಿನ ಹಿಂಡು” ಅಂದ. ಅಜ್ಜಿ ಅಪ್ಪನ ಕಡೆ ತಿರುಗಿದಳು.

“ನೋಡಿದ್ಯಾ? ಹೆಸರೂ ಗೊತ್ತು.”

“ಅಮ್ಮ, ನಿಂಗೆ ಹೆಬ್ಬಾವು ಗೊತ್ತಲ್ವಾ? ತಿಂದಿದೀಯಾ?”

“ಹೆಬ್ಬಾವಿನ ಹಿಂಡು ದೂರದಿಂದ ಗುರುತು ಹಿಡಿತೀನಾ ನಾನು?”

ಅಷ್ಟರಲ್ಲಿ ದೋಣಿಯ ಪಕ್ಕದಲ್ಲೇ ಕಪ್ಪು ಬೆನ್ನೊಂದು ನೀರಿನಿಂದ ಮೇಲೆದ್ದು ಬಾಗಿ ಒಳಗೆ ಹೋಯಿತು. ಹಿಂದೆಯೇ ಇನ್ನೊಂದು. ಉಸಿರು ಬಿಟ್ಟ ಸದ್ದು ನಮಗೆ ಕೇಳಿತು. ಈಗ ಡಾಲ್ಫಿನ್ ಅಂತ ಎಲ್ಲರಿಗೂ ಗೊತ್ತು. ಆಗ ನನಗೆ ಎಮ್ಮೆ ಈಜುತ್ತಿದೆ ಅನ್ನಿಸಿತು. “ಅತ್ತೇ, ಎಮ್ಮೆ!” ಅಂತ ಕೂಗಿದೆ. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನಕ್ಕ. “ಹೌದು ಮಗಾ, ಹಾಲು ಕರೀಲಿಕ್ಕೆ ಹೋಗು ನೀನು!” ಅತ್ತೆಯೂ ನಕ್ಕಳು, ಗಂಡೂ ನಕ್ಕ, ಇಬ್ಬರ ನಗು ಒಂದೇ ಸಲ ನಿಂತಿತು. ಅಜ್ಜಿ ಅದನ್ನೂ ಗಮನಿಸಿದಳು.

ದ್ವೀಪದಲ್ಲಿ ಇಳಿದರೆ ಮರಳಿಗಿಂತ ಚಿಪ್ಪೇ ಜಾಸ್ತಿ. ಕಾಲಿಟ್ಟಲ್ಲೆಲ್ಲ ಕರಕರ. ಕಂಬದಂಥ ಕಲ್ಲುಗಳ ನಡುವಿನ ಗುಂಡಿಗಳಲ್ಲಿ ಇಳಿತಕ್ಕೆ ಉಳಿದ ನೀರು ನಿಂತಿತ್ತು. ಅದೇ ನಮಗೆ ಮ್ಯೂಸಿಯಂ. ಐದು ಕೈಯ ನಕ್ಷತ್ರ ಮೀನು. ಇನ್ಯಾರದೋ ಶಂಖವನ್ನು ಬೆನ್ನ ಮೇಲೆ ಹೊತ್ತು ಓಡುವ ಏಡಿ. ಹೂವಿನ ಹಾಗೆ ಅರಳಿದ ಒಂದು ಪ್ರಾಣಿ, ನೆರಳು ಬಿದ್ದರೆ ನಮ್ಮೂರ ಮುಟ್ಟಿದರೆ ಮುನಿಯಂತೆ ಮುದುಡಿಕೊಳ್ಳುತ್ತಿತ್ತು. ಮರಳ ಮೇಲೆ ಗಂಜಿಯ ಕೆನೆಯಂತೆ ಬಿದ್ದಿದ್ದ ಲೋಳೆ ಮೀನನ್ನು ನಾನು ಮುಟ್ಟಲು ಹೋದಾಗ ಗಂಡು ನನ್ನನ್ನು ಎತ್ತಿ ಪಕ್ಕಕ್ಕಿಟ್ಟ. “ಅದು ಚುಚ್ತದೆ. ನೋಡು ಮಾತ್ರ, ಮುಟ್ಬೇಡ.”

“ಯಾವ್ದು ಚುಚ್ತದೆ, ಯಾವ್ದು ಚುಚ್ಚಲ್ಲ, ಎಲ್ಲಾ ಗೊತ್ತು” ಅಂದಳು ಅಜ್ಜಿ, ಬಂಡೆಯ ನೆರಳಲ್ಲಿ ಕೂತು.

ಬಾಯಾರಿಕೆಯಾಯಿತು. ಗಂಡಿನ ತಾಯಿ ಬೆಳಿಗ್ಗೆ ಸೋಸಿದ್ದರು, ಅದನ್ನು ನಂಬುವ ಪೈಕಿ ಅಜ್ಜಿಯಲ್ಲ. ತನ್ನ ಬಟ್ಟೆಯಲ್ಲಿ ಮತ್ತೆ ಸೋಸಿ ಎಲ್ಲರಿಗೂ ಕೊಟ್ಟಳು. ಆಮೇಲೆ ಒದ್ದೆ ಬಟ್ಟೆಯನ್ನು ಹಿಡಿದು ಸುತ್ತ ನೋಡಿದಳು. ದೋಣಿಯ ಓಲಾಟಕ್ಕೆ ಅವಳ ತಲೆ ಇನ್ನೂ ತಿರುಗುತ್ತಿತ್ತು. ಎಲ್ಲಿ ನೋಡಿದರೂ ನೀರು. ಅತ್ತೆಯ ಕೈಗೆ ಕೊಟ್ಟು ಅಂದಳು: “ತಗೋ, ಸಮುದ್ರಕ್ಕೆ ಬಿಟ್ಟು ಬಾ. ನೀರು ನೀರೇ.”

ಅತ್ತೆ ಬಟ್ಟೆ ಹಿಡಿದು ಹೋದಳು. ಅಂಚಿನಲ್ಲಿ ಬಗ್ಗಿದಳು. ಅಲ್ಲಿದ್ದ ಗಂಡು ಅವಳಿಗೆ ಏನೋ ಹೇಳಿದ. ಅತ್ತೆ ನೆಟ್ಟಗೆ ನಿಂತಳು. ನಮಗೆ ಬೆನ್ನು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಬರಿ ಬಟ್ಟೆಯೊಂದಿಗೆ ಬಂದಳು. ಅವನ ಕೈಯಲ್ಲಿ, ಕುಡಿಯುವ ನೀರಿಗೆಂದು ಮನೆಯಿಂದ ತಂದಿದ್ದ ಒಂದು ಹಿತ್ತಾಳೆಯ ಗಿಂಡಿ, ಬಾಯಿಗೆ ಎಲೆ ಮುಚ್ಚಿ ಬಳ್ಳಿ ಕಟ್ಟಿತ್ತು.

“ಅದೆಂತ ಅವನ ಕೈಲಿ?” ಅಜ್ಜಿ ಕೇಳಿದಳು.

“ಎಂತ ಇಲ್ಲ” ಅಂದಳು ಅತ್ತೆ. ಅವಳ ಮುಖ ಕೆಂಪಾಗಿತ್ತು. ಬಿಸಿಲಿಗಿರಬಹುದು.

ವಾಪಸು ಬರುವಾಗ ಗಾಳಿ ಎದುರಾಯಿತು. ದೋಣಿ ಮುಂದೆ ಹೋಗಲೊಲ್ಲದು. ಅಜ್ಜಿಯ ಎರಡು ಕಣ್ಣಲ್ಲಿ ಒಂದು ಇಳಿಯುವ ಸೂರ್ಯನ ಮೇಲೆ, ಇನ್ನೊಂದು ಗಿಂಡಿಯ ಮೇಲೆ. ಹೊತ್ತು ಮುಳುಗಿದರೆ ನಮಗೆ ಊಟವಿಲ್ಲ. ಗಂಡು ಗಿಂಡಿಯನ್ನು ಕೆಳಗಿಡಲೇ ಇಲ್ಲ. ಎರಡೂ ಕೈಯಲ್ಲಿ ಹಿಡಿದು, ದೋಣಿ ಬಗ್ಗಿದರೆ ತಾನು ಆ ಕಡೆ ಬಗ್ಗಿ, ಮಗುವನ್ನು ಹಿಡಿದ ಹಾಗೆ ಕೂತಿದ್ದ.

“ಮೀನು” ಅಂದಳು ಅಜ್ಜಿ ಅಪ್ಪನ ಕಿವಿಯಲ್ಲಿ. “ಜೀವಂತ ಹಿಡಿದಿದಾನೆ. ಬೆಕ್ಕಿಗೆ ಅಂತ ನೆಪ ಹೇಳ್ತಾನೆ ನೋಡು. ನನ್ನ ಮಗಳನ್ನೂ ಒಳಗೆ ಹಾಕ್ಕೊಂಡಿದಾನೆ. ಈ ಸಂಬಂಧ ಬೇಡ ಮಗಾ. ನಾಳೆ ಬೆಳಿಗ್ಗೆ ಮೊದ್ಲ ಬಸ್ಸು.”

ಅತ್ತೆಗೆ ಕೇಳಿಸಿತು. ನನ್ನ ಕೈ ಹಿಡಿದಿದ್ದ ಅವಳ ಕೈ ಬಿಗಿಯಾಯಿತು, ನನ್ನ ಬಳೆ ಒಡೆಯಿತು.

ಮನೆ ಮುಟ್ಟಿದಾಗ ತೆಂಗಿನ ಮರಗಳ ತುದಿಯಲ್ಲಿ ಮಾತ್ರ ಬಿಸಿಲಿತ್ತು. ಗಂಡಿನ ತಾಯಿ ಎಲೆ ಹಾಕಿ ಬಡಿಸಲು ನಿಂತೇಬಿಟ್ಟಿದ್ದರು. “ಬೇಗ ಕೂತ್ಕೊಳ್ಳಿ, ಹೊತ್ತು ಹೋಗ್ತದೆ.” ಎಲ್ಲರೂ ಕೈಕಾಲು ತೊಳೆದು ಕೂತೆವು. ಗಂಡು ಮಾತ್ರ ಗಿಂಡಿ ಹಿಡಿದು ಸೀದಾ ಹಿತ್ತಿಲಿಗೆ ಹೋದ. ಅಜ್ಜಿ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, ಹಿಂಬಾಗಿಲಿನ ಕಡೆ ಕತ್ತು ಚಾಚಿದಳು. ಅದೇ ದಪ್ಪ ಬೆಕ್ಕು ಬಾಲ ಎತ್ತಿ ಅವನ ಹಿಂದೆ ಹೋಗುತ್ತಿತ್ತು. “ಹೋಯ್ತು ನೋಡು” ಅಂದಳು.

ಅವನು ಬಾವಿಕಟ್ಟೆಯ ಮೇಲೆ ಗಿಂಡಿ ಇಟ್ಟ. ಬಳ್ಳಿ ಬಿಚ್ಚಿ ಎಲೆ ತೆಗೆದ. ಗಿಂಡಿಯ ಕುತ್ತಿಗೆಗೆ ಒಂದು ಹಗ್ಗ ಕಟ್ಟಿದ, ತಳಕ್ಕೆ ಇನ್ನೊಂದು. ಆಮೇಲೆ ಒಳಗೆ ನೋಡಿ ಕರೆದ, “ಅಮ್ಮಾ, ಒಂದು ಕೈ ಬೇಕು.” ಅವನ ತಾಯಿ ಸಾರಿನ ಪಾತ್ರೆ ಹಿಡಿದು ನಮ್ಮ ನಡುವೆ ಸಿಕ್ಕಿಬಿದ್ದಿದ್ದರು.

ಅತ್ತೆ ಎದ್ದಳು. ಎಲೆಯಲ್ಲಿ ಬಡಿಸಿದ ಅನ್ನವನ್ನು ಇನ್ನೂ ಮುಟ್ಟಿರಲಿಲ್ಲ.

“ಎಲ್ಲಿಗೆ? ಕೂರು! ಹೊತ್ತು ಮುಳುಗ್ತಿದೆ!” ಅಜ್ಜಿ ಸಿಡುಕಿದಳು.

“ಆ ಬಟ್ಟೆಯಲ್ಲಿದ್ದಿದ್ದು ಈ ಬಾವಿದು ಅಮ್ಮ. ಉಪ್ಪುನೀರಿಗೆ ಬಿಟ್ರೆ ಸಾಯಲ್ವಾ? ಸಮುದ್ರಕ್ಕೆ ಬಿಡು ಅಂದಿದ್ದು ನೀನು. ಬೇಡ ಅಂದಿದ್ದು ಅವರು.”

ಅಷ್ಟು ಹೇಳಿ ಹೋದಳು. ಅವನು ಇಳಿಸಿದ, ನೀರು ಮುಟ್ಟಿದ ಮೇಲೆ ಅವಳು ತಳದ ಹಗ್ಗ ಎಳೆದಳು. ಗಿಂಡಿ ಬಗ್ಗಿದ ಸದ್ದು ಒಳಗಿದ್ದ ನಮಗೂ ಕೇಳಿತು. ಅಜ್ಜಿ ತಲೆ ತಗ್ಗಿಸಿ ಬೇಗಬೇಗ ಉಂಡಳು. ಅವರಿಬ್ಬರು ಒಳಗೆ ಬರುವಷ್ಟರಲ್ಲಿ ತೆಂಗಿನ ತುದಿಯ ಬಿಸಿಲೂ ಹೋಗಿತ್ತು. ಅವನೂ ಉಣ್ಣಲಿಲ್ಲ, ಅತ್ತೆಯೂ ಉಣ್ಣಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ಅಜ್ಜಿ ಜಗಲಿ ಇಳಿಯುವಾಗ ಗಂಡಿನ ತಾಯಿಗೆ, “ಒಳ್ಳೆ ದಿನ ನೋಡಿ ಹೇಳಿ ಕಳಿಸ್ತೀವಿ” ಅಂದಳು. ಬಸ್ಸಿನಲ್ಲಿ ಕೂತ ಮೇಲೆ ಅಪ್ಪನಿಗೆ ಅಂದಳು: “ಉಪ್ಪುನೀರಲ್ಲಿ ಸಾಯ್ತವೆ ಅಂತ ಅವನಿಗೆ ಹೆಂಗೆ ಗೊತ್ತು? ಹೊಟ್ಟೆಗೆ ಏನೂ ಇಲ್ದೆ ರಾತ್ರಿ ಅಷ್ಟು ಆರಾಮಾಗಿ ಮಲಗಿದ್ನಲ್ಲ, ದ್ವೀಪದಲ್ಲೇ ಏನೋ ತಿಂದಿರ್ಬೇಕು.”

“ಹಂಗಾದ್ರೆ ಸಂಬಂಧ ಬೇಡ್ವಾ?”

“ಬೇಡ ಅಂತ ಯಾರಂದ್ರು? ಕಣ್ಣಿಟ್ಟಿರ್ಬೇಕು ಅಂದೆ.”

ಅತ್ತೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಆ ಘಾಟಿ ಹತ್ತಿ ಮುಗಿಯುವವರೆಗೂ ಹೆಣೆಯುತ್ತಲೇ ಇದ್ದಳು.

ಮದುವೆ ಹುಂಚದಲ್ಲೇ ಆಯಿತು. ಮೊದಲ ಸಲ ತವರಿಗೆ ಬರುವಾಗ ಅತ್ತೆಗೆ ಅಜ್ಜಿ ಹೇಳಿ ಕಳಿಸಿದ್ದು ಒಂದೇ: ಆ ಬೆಕ್ಕಿನ ಒಂದು ಮರಿ ತರಬೇಕು. ನಮ್ಮ ಮನೆಯಲ್ಲಿ ಬೆಕ್ಕು ಸಾಕಿದವರೇ ಇಲ್ಲ. ಅತ್ತೆ ಬುಟ್ಟಿಯಲ್ಲಿಟ್ಟು ತಂದಳು. ಅಜ್ಜಿ ಅದಕ್ಕೆ ತನ್ನ ಕೈಯಾರೆ ಹಾಲನ್ನ ಕಲಸಿ ಹಾಕಿದಳು. ದಿನಾ ಎತ್ತಿ ತೂಕ ನೋಡುವಳು, ಹೊಟ್ಟೆ ಮುಟ್ಟುವಳು. ಮಳೆಗಾಲ ಕಳೆಯುವಷ್ಟರಲ್ಲಿ ಮರಿ ಬೆಳೆದು, ಅದರ ಹೊಟ್ಟೆಯೂ ನೆಲಕ್ಕೆ ತಾಗಿತು.

“ಈಗಲಾದ್ರೂ ನಂಬ್ತೀಯಾ?” ಅಂತ ಅಪ್ಪ ಕೇಳಿದ.

ಅಜ್ಜಿ ಬೆಕ್ಕಿನ ಬಾಯಿ ಅಗಲಿಸಿ ಒಳಗೆ ಇಣುಕಿದಳು. “ಇದು ನಮಗೆ ಗೊತ್ತಿಲ್ದೆ ಎಲ್ಲೋ ಇಲಿ ತಿಂತಿದೆ” ಅಂದಳು.