ಒರಗಿ ತುಳಿಯುವ ಸೈಕಲ್ಲು

ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯ ಫಿಟ್ಟರ್, ಹಳೇ ಆರಾಮಕುರ್ಚಿ ಕೊಯ್ದು, ಕಾಲು ಚಾಚಿ ಒರಗಿಕೊಂಡೇ ತುಳಿಯುವ ಸೈಕಲ್ ಮಾಡಿಕೊಂಡಿದ್ದರು. ಶಿವಮೊಗ್ಗಕ್ಕೆ ಅದರಲ್ಲೇ ಹೋಗುವರು, ಪೇಟೆಗೆ ಮಾತ್ರ ಮಾಮೂಲಿ ಸೈಕಲ್ಲು. ಯಾಕೆ ಅಂತ ಕೇಳಿದರೆ ನೋಯುವ ಸೊಂಟ ತಟ್ಟಿಕೊಂಡು, "ಇದಕ್ಕೆ ಕುರ್ಚಿ ಸೈಕಲ್ಲು, ಊರಿನ ಕಣ್ಣಿಗೆ ಮಾಮೂಲಿ ಸೈಕಲ್ಲು" ಎನ್ನುತ್ತಿದ್ದರು.

ಮೊದಲು ಹಾಗಿರಲಿಲ್ಲ. ಒಮ್ಮೆ ಒರಗಿಕೊಂಡು ಪೇಟೆಯಲ್ಲಿ ಬರುವಾಗ ಹೆಂಡತಿಯ ತಂದೆ, ಹೊಳೆಹೊನ್ನೂರಿನ ಮಾವ ಎದುರಾದರು. ಹಿರಿಯರನ್ನು ಕಂಡರೆ ಸೈಕಲ್ ಇಳಿಯಬೇಕು. ಇವರ ಕಾಲೆರಡೂ ಮಾವನ ಕಡೆಗೇ ಚಾಚಿದ್ದವು. ಗಾಬರಿಯಲ್ಲಿ ಹ್ಯಾಂಡಲ್ ಬಿಟ್ಟು ಕೈಮುಗಿದರು. ಇಳಿದದ್ದು ಚರಂಡಿಗೆ.

ಆಮೇಲೆ ಆರು ತಿಂಗಳು ಮಾವ ಮಗಳ ಮನೆಗೆ ಕಾಲಿಡಲಿಲ್ಲ. ಒಂದು ಬೆಳಿಗ್ಗೆ ಬಂದರು. ಈಗ ಅವರಿಗೂ ಸೊಂಟನೋವು, ಸೈಕಲ್ ಸೀಟಿನ ಮೇಲೆ ಕೂರಲಾಗುತ್ತಿರಲಿಲ್ಲ. ಕುರ್ಚಿ ಸೈಕಲ್ಲನ್ನು ಎರಡು ಸುತ್ತು ಬಂದು ನೋಡಿ ಹೇಳಿದರು:

"ಅಳಿಯಂದ್ರೇ, ಊರು ದಾಟೋ ತನಕ ನೀವೇ ತಳ್ಕೊಂಡು ಬನ್ನಿ. ಆಮೇಲೆ ನಾನು ಹತ್ಕೋತೀನಿ."