ಹೆಣ್ಣುದನಿ ಹಿಡಿಯದ ಖೋಲಿ

ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಆ ಕ್ಯಾಸೆಟ್ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ... ಧೈರ್ಯ ಇದ್ದವರು ಬಂದು ಕೇಳಲಿ.

ತೊಂಬತ್ತರ ದಶಕದ ಕೊನೆಯ ಮಾತು. ಗೋಕಾಕದಲ್ಲಿ ಅಪ್ಪನ ಕ್ಯಾಸೆಟ್ ಅಂಗಡಿಯನ್ನು ಅವರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೆ. ಜನ ಹಾಡುಗಳ ಪಟ್ಟಿ ಕೊಡುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆ. ಅಷ್ಟರಲ್ಲಿ ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದರು ಅದರ ಮಾಲೀಕರು.

ಅಣ್ಣನಿಗೆ ಅದೇ ಬೇಕಾಗಿತ್ತು. "ಸಾಕ್ ಮಾಡವ್ವಾ. ಹೆಣ್ಮಗಳು ದಿನಾ ಹಾಡ ಹಚ್ಚಿಕೊಂಡು ಕುಂಡ್ರೂದು ಚಲೋ ಕಾಣಂಗಿಲ್ಲ. ಸೋಮವಾರದೊಳಗ ಬ್ಯಾರೆ ಜಾಗಾ ಸಿಗಲಿಲ್ಲಂದ್ರ ಎಲ್ಲಾ ಮಾರಿ ಸೀರಿ-ಅರಿವಿ ಅಂಗಡಿ ಹಾಕತೇನಿ."

"ಸೋಮವಾರ ಹೊಸಾ ಅಂಗಡಿ ಬಾಗಲಾ ತೆಗಿತೇನಿ, ನೋಡ್ಕೋತ ಇರು" ಎಂದೆ. ಜಾಗವೇ ಇರಲಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿತ್ತು.

ಜಾಗ ನೋಡುವುದರಲ್ಲಿ ನನ್ನದೊಂದು ಪದ್ಧತಿ. ಎರಡು ಕ್ಯಾಸೆಟ್ಟಿನ ಟೇಪ್ ಡೆಕ್ ಹೊತ್ತುಕೊಂಡು ಹೋಗಿ, ರಾತ್ರಿ ಅಲ್ಲೇ ಕೂತು ಒಂದು ಹಾಡು ರೆಕಾರ್ಡ್ ಮಾಡುವುದು. ಬೀದಿಯ ಗದ್ದಲ ಇಳಿದ ಮೇಲೆಯೇ ಈ ಕೆಲಸ ನಡೆಯುವುದು. ವೋಲ್ಟೇಜ್ ಬಿದ್ದರೆ ಟೇಪು ಎಳೆಯುತ್ತದೆ, ಹಾಡುಗಾರ ತೂಕಡಿಸಿಕೊಂಡು ಹಾಡಿದಂತೆ ಕೇಳುತ್ತದೆ. ಮೂಡಲಗಿಯ ಖೋಲಿ ಹಾಗೇ ಕೈಕೊಟ್ಟಿತು. ಭಾನುವಾರದ ಹೊತ್ತಿಗೆ ಉಳಿದದ್ದು ಹುಕ್ಕೇರಿಯದೊಂದೇ.

ಜೊತೆಗೆ ದಸ್ತಗೀರ್ ಕಾಕಾ ಬಂದರು. ಅಪ್ಪನ ಕಾಲದಿಂದ ನಮ್ಮ ಡೆಕ್ ರಿಪೇರಿ ಮಾಡುತ್ತಿದ್ದವರು. ಖೋಲಿಯ ಮಾಲೀಕ ನನ್ನ ಕಡೆ ನೋಡಲೇ ಇಲ್ಲ, ಕೀಲಿಯನ್ನು ಕಾಕಾನ ಕೈಗಿಟ್ಟ.

"ಜಾಗಾ ಚಲೋ ಐತ್ರಿ. ಖರೆ... ಹೆಣ್ಮಕ್ಕಳು ಇಲ್ಲಿ ಭಾಳ ದಿನಾ ನಿಂತಿಲ್ಲ."

"ಯಾಕ್ರಿ?" ಎಂದು ನಾನೇ ಕೇಳಿದೆ. ಆತ ಕೇಳಿಸಿಕೊಳ್ಳದವನ ಹಾಗೆ ಹೊರಟುಹೋದ.

ಒಳಗೆ ದಪ್ಪ ಕಲ್ಲಿನ ಗೋಡೆ, ಸುಣ್ಣದ ವಾಸನೆ. ಅದರ ಹಿಂದೆ ಎಲ್ಲೋ ಹಳೆಯ ಕೊಬ್ಬರಿ ಎಣ್ಣೆಯ ಕಮಟು. ಬಲ್ಬು ಒಂದಿಷ್ಟೂ ಮಿಣುಕಲಿಲ್ಲ. ನನಗೆ ಖುಷಿಯಾಯಿತು.

ಗಂಡು ಹೆಣ್ಣು ಇಬ್ಬರೂ ಹಾಡಿದ್ದ ಒಂದು ಹಾಡನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಹಿಂದಕ್ಕೆ ಸುತ್ತಿ ಹಚ್ಚಿದೆ.

ಗಂಡು ಹಾಡಿದ. ಹೆಣ್ಣಿನ ಸರದಿ ಬಂತು... ತಬಲಾ ಇತ್ತು, ಪಿಟೀಲು ಇತ್ತು. ದನಿ ಇರಲಿಲ್ಲ.

"ಹೆಡ್ ಹೊಲಸಾಗೈತಿ" ಎಂದು ಕಾಕಾ ಡೆಕ್ಕಿನೊಳಗೆ ಟೇಪು ತಾಗುವ ಜಾಗವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರು. ಮತ್ತೆ ಇಳಿಸಿದೆವು. ಮತ್ತೆ ಅದೇ. ಮೂಲ ಕ್ಯಾಸೆಟ್ ಹಚ್ಚಿದರೆ ಇಬ್ಬರೂ ಹಾಡುತ್ತಾರೆ, ಇಳಿಸಿಕೊಂಡದ್ದರಲ್ಲಿ ಮಾತ್ರ ಒಬ್ಬನೇ.

ಮೈಕ್ ಚುಚ್ಚಿ ನಾನು ಮಾತಾಡಿದೆ, ಕಾಕಾ ಮಾತಾಡಿದರು. ಹಚ್ಚಿ ನೋಡಿದರೆ ಕಾಕಾನ ಕೆಮ್ಮು ಕೂಡ ಬಂದಿತ್ತು. ನಾನು ಮಾತಾಡಿದ್ದ ಜಾಗದಲ್ಲಿ ಬರೀ ಸುಂಯ್ ಎನ್ನುವ ಸದ್ದು... ಅದರೊಳಗೆ ಯಾರೋ ಮೈಕಿಗೆ ಬಾಯಿ ಹಚ್ಚಿ ಮೆಲ್ಲಗೆ ಉಸಿರಾಡುತ್ತಿದ್ದರು.

ಕಾಕಾ ಪಿಸುಗುಟ್ಟಿದರು: "ಏಳವ್ವಾ. ಡೆಕ್ ನಾ ಹೊರತೇನಿ. ಹೋಗೂನು."

ಏಳಬೇಕೆಂದೇ ಇದ್ದೆ. ಆದರೆ ಎದ್ದರೆ ನಾಳೆ ಅರಿವಿ ಅಂಗಡಿ. ಅಣ್ಣ ಸಾಕು ಮಾಡು ಎಂದ, ಮಾಲೀಕ ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ನಡೆದುಕೊಂಡ, ಈಗ ಈ ಗೋಡೆಗಳೂ! ಹೆದರಿಕೆಗಿಂತ ಮೊದಲು ಸಿಟ್ಟು ನೆತ್ತಿಗೇರಿತು.

"ನಾ ಒಲ್ಲೆ ಕಾಕಾ" ಎಂದೆ. ರೆಕಾರ್ಡ್ ಒತ್ತಿ, ಮೈಕ್ ಬಾಯಿಗೆ ಹಿಡಿದು, ಖೋಲಿಗೇ ಹೇಳಿದೆ: "ನಾ ಇಲ್ಲೇ ಇರಾಕಿ."

ಒಂದೇ ಸಲ ಹೇಳಿದ್ದು. ಕಾಕಾ ಸಾಕ್ಷಿ.

ಸುತ್ತಿ ಹಚ್ಚಿದೆ. ಸುಂಯ್... ಉಸಿರು... ಆಮೇಲೆ ಸ್ಪಷ್ಟವಾಗಿ ನನ್ನ ದನಿ, "ನಾ ಇಲ್ಲೇ ಇರಾಕಿ." ಕಾಕಾ ನಿಟ್ಟುಸಿರು ಬಿಟ್ಟರು. ನಾನು ನಿಲ್ಲಿಸಲು ಕೈ ಚಾಚಿದೆ.

"ನಾ ಇಲ್ಲೇ ಇರಾಕಿ."

ಎರಡನೆಯದು ನನ್ನದಲ್ಲ. ವಯಸ್ಸಾದ ಹೆಂಗಸೊಬ್ಬಳ ಒಣಗಿದ ದನಿ. ಬಹಳ ದಿನ ಮಾತೇ ಆಡದೆ ಇದ್ದವರು ಬಾಯಿ ತೆರೆದ ಹಾಗಿತ್ತು.

ಆಮೇಲೆ ಇಳಿಸಿಕೊಂಡ ಹಾಡಿನಲ್ಲಿ ಗಂಡು ಹೆಣ್ಣು ಇಬ್ಬರೂ ಹಾಡಿದರು, ಏನೂ ಆಗೇ ಇಲ್ಲ ಅನ್ನುವಂತೆ. ನಮ್ಮ ಮಾತಿನ ಕ್ಯಾಸೆಟ್ಟಿನ ಬೆನ್ನ ಮೇಲಿದ್ದ ಎರಡೂ ಚಿಕ್ಕ ಪ್ಲಾಸ್ಟಿಕ್ ಪಟ್ಟಿಗಳನ್ನು ಚಟ್ಟನೆ ಮುರಿದೆ. ಅವನ್ನು ಮುರಿದರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ.

ಸೋಮವಾರ ಬಾಗಿಲು ತೆಗೆದೆ. ಅಣ್ಣ ಬಂದು, ಬಾಗಿಲಲ್ಲೇ ನಿಂತು ನೋಡಿ ಹೋದ. ಆಕೆ ಯಾರೆಂದು ಮಾಲೀಕನನ್ನು ಎಷ್ಟು ಸಲ ಕೇಳಿದೆನೋ, ಬಾಯಿ ಬಿಡಲಿಲ್ಲ. ಸೀಡಿ ಬಂದು ಕ್ಯಾಸೆಟ್ ಕೊಳ್ಳುವವರೇ ಇಲ್ಲದಾಗುವವರೆಗೂ ಅಂಗಡಿ ನಡೆಯಿತು. ಕೊನೆಗೆ ನಾನೇ ಮುಚ್ಚಿದೆ, ಯಾರೂ ಮುಚ್ಚಿಸಲಿಲ್ಲ.

ಮುಚ್ಚಿದ ದಿನ ಮನೆಗೆ ಬಂದು ಆ ಕ್ಯಾಸೆಟ್ ಹಚ್ಚಿದೆ. ಪಟ್ಟಿಗಳು ಮುರಿದೇ ಇದ್ದವು. ನನ್ನ ಮಾತಿದ್ದಲ್ಲಿ ಬರೀ ಉಸಿರು... ಆಮೇಲೆ ಆಕೆಯ ದನಿಯೊಂದೇ, "ನಾ ಇಲ್ಲೇ ಇರಾಕಿ."

ಅಂದಿನಿಂದ ಅದು ಹಾಗೇ ಇದೆ. ಹಚ್ಚಿದಾಗೆಲ್ಲ ನಾನು ಜೋರಾಗಿ ಹೇಳುತ್ತೇನೆ: "ನಾನೂ ಇಲ್ಲೇ ಅದೇನಿ." ಹೇಳಿ, ನನ್ನ ದನಿ ನನ್ನ ಕಿವಿಗೆ ಬಿತ್ತೇ ಎಂದು ಕಾಯುತ್ತೇನೆ.